ದೂರದ ಡೋರೊ, ಹಿತ್ತಲಿನ ಫಾವ್



ಕಳೆದ ತಿಂಗಳು ನಮ್ಮ ಕೂಟದ ಊಟ ಮುಗಿದು ಎಲೆ ಅಡಿಕೆಯ ಹೊತ್ತು ಬಂದಾಗ, ಹಿರಿಯ ದಂಪತಿಗಳು ಬಣ್ಣದ ಪುಸ್ತಿಕೆಯೊಂದನ್ನು ಮೇಜಿನ ಮೇಲೆ ಹರಡಿದರು. ಯುರೋಪಿನ ನದಿಗಳಲ್ಲಿ ಹತ್ತು ಹನ್ನೆರಡು ದಿನಗಳ ನಿಧಾನ ನೌಕಾಯಾನದ ವಿವರ ಅದರಲ್ಲಿತ್ತು. ದಡದುದ್ದಕ್ಕೂ ಹಳೆಯ ದ್ರಾಕ್ಷಿತೋಟಗಳು, ಕೋಟೆಗಳು, ಸಂತೆಬೀದಿಗಳು. ಪ್ರತಿ ಸಂಜೆ ಆಯಾ ಊರಿನ ಊಟ, ಆಯಾ ಊರಿನ ವೈನು. ಸುತ್ತ ನೆರೆದಿದ್ದ ನಾಲ್ಕಾರು ಕುಟುಂಬಗಳು ಒಟ್ಟಾಗಿ ಹೊರಡುವ ಮಾತಾಡಿದವು. ಊರಿನಿಂದ ಬಂದಿರುವ ತಂದೆತಾಯಿಯರನ್ನೂ ಕರೆದೊಯ್ಯಬಹುದೆಂದು ಒಬ್ಬರು ಸೂಚಿಸಿದರು. ನನ್ನ ಅಭಿಪ್ರಾಯವನ್ನೂ ಕೇಳಿದರು. ಅಂದು ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ತಡವಾಗಿಯಾದರೂ ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಅಂಥ ಪ್ರವಾಸವನ್ನು ಹಗುರವಾಗಿ ಕಾಣುವವನು ನಾನಲ್ಲ. ದೊಡ್ಡ ಬಸ್ಸಿನಲ್ಲಿ ದಿನಕ್ಕೊಂದು ಊರು ಓಡಿ, ರಾತ್ರಿಗೊಂದು ಹೋಟೆಲಿನಲ್ಲಿ ಪೆಟ್ಟಿಗೆ ಬಿಚ್ಚಿ ಕಟ್ಟುವ ಪ್ರವಾಸಕ್ಕಿಂತ ನದಿಯಾನ ಎಷ್ಟೋ ಮೇಲು. ಮಂಡಿನೋವಿನವರಿಗೆ ಅನುಕೂಲ; ಕೋಣೆ ಒಂದೇ, ಬದಲಾಗುವುದು ಕಿಟಕಿಯಾಚೆಯ ಊರು ಮಾತ್ರ. ಪೋರ್ಚುಗಲ್ಲಿನ ಡೋರೊ ಕಣಿವೆಯನ್ನೇ ನೋಡಿ. 1756ರಲ್ಲಿಯೇ ಅಲ್ಲಿನ ದ್ರಾಕ್ಷಿಯ ಸೀಮೆಗೆ ಗಡಿ ಗುರುತಿಸಿ, ಹೊರಗಿನ ಸರಕನ್ನು ಅದೇ ಹೆಸರಿನಲ್ಲಿ ಮಾರಬಾರದೆಂದು ಕಟ್ಟುಪಾಡು ಮಾಡಿದರು. ಕಡಿದಾದ ಕಲ್ಲುಬೆಟ್ಟಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ತೋಟ ಮಾಡಿದವರು ಕೂಲಿಗಳು. ರಾಬೇಲೊ ಎಂಬ ಚಪ್ಪಟೆ ತಳದ ದೋಣಿಗಳಲ್ಲಿ ಪೀಪಾಯಿಗಳನ್ನು ಹೇರಿ, ಬಂಡೆಗಳ ನಡುವಿನ ಸೆಳವಿನಲ್ಲಿ ಪ್ರಾಣವನ್ನು ಪಣಕ್ಕಿಟ್ಟು, ಕಡಲ ಬಾಯಿಯ ಗೋದಾಮುಗಳಿಗೆ ಇಳಿಸುತ್ತಿದ್ದವರು ಅಂಬಿಗರು. ಇಂದು ಆ ನದಿಯ ಮೇಲೆ ಐದು ಅಣೆಕಟ್ಟುಗಳು ನಿಂತು ಸೆಳವು ಅಡಗಿರುವುದರಿಂದಲೇ ಪ್ರವಾಸಿಗರ ಹಡಗು ತೊಟ್ಟಿಲಿನಂತೆ ತೇಲುತ್ತದೆ. ಆಸ್ಟ್ರಿಯಾದ ವಾಖಾವ್ ಕಣಿವೆಯಲ್ಲಿ ಡ್ಯಾನ್ಯೂಬ್ ನದಿಯ ದಡದ ದ್ರಾಕ್ಷಿ ಮತ್ತು ಏಪ್ರಿಕಾಟ್ ತೋಟಗಳಿಗೂ ಇಂಥದೇ ದೀರ್ಘ ಚರಿತ್ರೆಯಿದೆ. ವಾಖಾವ್ 2000ದಲ್ಲಿ, ಡೋರೊ 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನೋಡತಕ್ಕ ಸ್ಥಳಗಳೇ, ಸಂದೇಹವಿಲ್ಲ.

ಹಾಗಿದ್ದರೆ ನನ್ನ ತಕರಾರೇನು? ಆ ಪುಸ್ತಿಕೆ ಮಾರುತ್ತಿರುವುದು ಹಡಗಿನ ಕೋಣೆಯನ್ನಲ್ಲ, ಒಂದು ಅರಿವನ್ನು. ತಟ್ಟೆಯಲ್ಲಿರುವ ಅನ್ನ ಯಾವ ಮಣ್ಣಿನದು, ಯಾರ ಬೆವರಿನದು, ಯಾವ ನೀರು ಅದನ್ನು ಇಲ್ಲಿಗೆ ತಂದಿತು ಎಂಬ ಅರಿವು ಅದು. ನದಿಯೊಂದಿಗೆ ನಿಧಾನವಾಗಿ ಸಾಗಿದರೆ ಈ ಮೂರೂ ಪ್ರಶ್ನೆಗಳಿಗೆ ಉತ್ತರ ದೊರೆಯುತ್ತದೆ. ಇದೇ ಪ್ರಶ್ನೆಗಳನ್ನು ನಾವು ನೆಲೆಸಿರುವ ಊರಿನ ನದಿಗೆ ಎಂದಾದರೂ ಕೇಳಿದ್ದೇವೆಯೇ ಎಂಬುದೇ ನನ್ನ ತಕರಾರು. ನ್ಯೂ ಲಿನ್ ಸುತ್ತಮುತ್ತ ಹತ್ತಾರು ವರ್ಷಗಳಿಂದ ಇರುವ ನಮ್ಮ ಕುಟುಂಬಗಳ ಮಕ್ಕಳಿಗೆ ಡ್ಯಾನ್ಯೂಬ್ ಎಲ್ಲಿ ಹರಿಯುತ್ತದೆಂದು ಗೊತ್ತು. ಗ್ರೇಟ್ ನಾರ್ತ್ ರೋಡಿನ ಸೇತುವೆಯಡಿ ಹರಿಯುವ ನೀರಿನ ಹೆಸರು ಕೇಳಿದರೆ ಮುಖ ಮುಖ ನೋಡುತ್ತಾರೆ. ಎರಡು ವರ್ಷದ ಹಿಂದಿನವರೆಗೆ ನನ್ನ ಸ್ಥಿತಿಯೂ ಅದೇ ಆಗಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಆ ನೀರಿನ ಹೆಸರು ಫಾವ್. ಫಲಕದಲ್ಲಿ ಓದುವಾಗ ನಮ್ಮಲ್ಲಿ ಹಲವರು ವಾವ್ ಎನ್ನುತ್ತೇವೆ. ಫಾವ್ ಎಂಬುದು ಒಂದು ಮರದ ಹೆಸರು. ಅದರ ಕಟ್ಟಿಗೆ ಬೆಂಡಿನಷ್ಟು ಹಗುರ. ಮಾವೋರಿ ಜನರು ಅದನ್ನು ಮೀನುಬಲೆಯ ತೇಲುಗುಂಡಾಗಿ ಬಳಸುತ್ತಿದ್ದರು. ಇದು ಪರ್ವತದಿಂದ ಇಳಿದು ಬರುವ ಮಹಾನದಿಯಲ್ಲ. ವೈಟೆಮಟಾ ಬಂದರಿನ ಉಪ್ಪುನೀರು ನ್ಯೂ ಲಿನ್‌ವರೆಗೆ ಒಳಚಾಚಿರುವ ಅಳಿವೆ. ದಿನಕ್ಕೆ ಎರಡು ಸಲ ಭರತದಲ್ಲಿ ತುಂಬುತ್ತದೆ, ಇಳಿತದಲ್ಲಿ ಕೆಸರಾಗುತ್ತದೆ. ಈ ಕೊನೆಯಿಂದ ಮಾನುಕಾವ್ ಬಂದರು ತೀರ ಹತ್ತಿರವಾದ್ದರಿಂದ, ಮಾವೋರಿ ಜನರು ತಮ್ಮ ದೋಣಿಗಳನ್ನು ನೆಲದ ಮೇಲೆ ಎಳೆದು ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ದಾಟಿಸುತ್ತಿದ್ದರು. ನಾವು ದಿನನಿತ್ಯ ಕಾರು ಓಡಿಸುವ ಪೋರ್ಟೇಜ್ ರೋಡಿಗೆ ಆ ಹೆಸರು ಬಂದುದು ಅದರಿಂದಲೇ.

ಕಳೆದ ವರ್ಷ ಅಪ್ಪ ಅಮ್ಮ ಬಂಟ್ವಾಳದಿಂದ ಆರು ತಿಂಗಳ ವೀಸಾದ ಮೇಲೆ ಇಲ್ಲಿಗೆ ಬಂದಿದ್ದರು. ಎಲ್ಲರ ಮನೆಯಲ್ಲೂ ನಡೆಯುವಂತೆ ಮೊದಲ ಮೂರು ವಾರ ರೊಟೊರುವಾ, ಟಾಪೊ, ಸ್ಕೈ ಟವರು ಎಂದು ಸುತ್ತಿಸಿದೆವು. ಆಮೇಲೆ ನಾವು ಕೆಲಸಕ್ಕೆ, ಮಕ್ಕಳು ಶಾಲೆಗೆ, ಅವರಿಬ್ಬರು ಕಿಟಕಿಗೆ. ಅಪ್ಪನಿಗೆ ಎಪ್ಪತ್ತೆಂಟು. ಅವರು ಮಾತು ಕಡಿಮೆ ಮಾಡುತ್ತ ಬಂದರು. ಊರಿನ ಫೋನು ಬಂದರೆ ಮಾತ್ರ ಮುಖ ಅರಳುತ್ತಿತ್ತು. ಅವರನ್ನು ಯುರೋಪಿನ ನದಿಯಾನಕ್ಕೆ ಕಳುಹಿಸುವ ಆಲೋಚನೆ ನನಗೂ ಬಂದಿತ್ತು. ವೀಸಾದ ತೊಡಕು, ಒಂದು ದಿನಕ್ಕೂ ಮಿಕ್ಕಿದ ವಿಮಾನಯಾನ, ಅಮ್ಮನ ಶುದ್ಧ ಸಸ್ಯಾಹಾರ, ಇವೆಲ್ಲ ಸೇರಿ ಅದು ಆಗಲಿಲ್ಲ. ಬದಲಿಗೆ ಒಂದು ದಿನ ಅಪ್ಪನನ್ನು ಆಂಬ್ರಿಕೊ ಪ್ಲೇಸಿನಲ್ಲಿರುವ ತೆ ತೋಯಿ ಉಕು ಎಂಬ ಪುಟ್ಟ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದೆ. ಮನೆಯಿಂದ ಹತ್ತು ನಿಮಿಷದ ದಾರಿ.

ಅಲ್ಲಿರುವುದು ಜೇಡಿಮಣ್ಣಿನ ಕಥೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಫಾವ್ ನದಿಯ ಎರಡೂ ದಡಗಳಲ್ಲಿ ಇಟ್ಟಿಗೆಯ ಗೂಡುಗಳು ಎದ್ದವು. ಮಣ್ಣು ದಡದ್ದು, ಸಾಗಣೆ ನದಿಯದು. 1880ರಲ್ಲಿ ರೈಲು ಬರುವವರೆಗೆ ಆಕ್ಲೆಂಡಿಗೆ ಇಟ್ಟಿಗೆ ಹೋಗುತ್ತಿದ್ದುದು ಮುಖ್ಯವಾಗಿ ದೋಣಿಗಳಲ್ಲಿ. 1929ರಲ್ಲಿ ಕೆಲವು ಕಾರ್ಖಾನೆಗಳು ಸೇರಿ ಒಂದು ದೊಡ್ಡ ಇಟ್ಟಿಗೆ ಮತ್ತು ಕೊಳವೆಯ ಕಂಪನಿಯಾಯಿತು; ಅದರಿಂದಲೇ ಮುಂದೆ ಕ್ರೌನ್ ಲಿನ್ ಎಂಬ ಪಿಂಗಾಣಿ ಕಾರ್ಖಾನೆ ಹುಟ್ಟಿತು. ರೈಲು ನಿಲ್ದಾಣಗಳ ದಪ್ಪ ಬಿಳಿ ಚಹಾ ಬಟ್ಟಲಿನಿಂದ ಮನೆಮನೆಯ ಊಟದ ತಟ್ಟೆಯವರೆಗೆ, ನ್ಯೂಜಿಲೆಂಡಿನ ಒಂದೆರಡು ತಲೆಮಾರು ಉಂಡದ್ದು ನಮ್ಮ ನ್ಯೂ ಲಿನ್‌ನ ಪಾತ್ರೆಗಳಲ್ಲಿ. ಅಗ್ಗದ ಆಮದಿನ ಎದುರು ನಿಲ್ಲಲಾರದೆ 1989ರಲ್ಲಿ ಆ ಕಾರ್ಖಾನೆ ಮುಚ್ಚಿತು. ಹಳೆಯ ಗೂಡೊಂದು ಮನೆಗಳ ಸಾಲಿನ ನಡುವೆ ಇನ್ನೂ ನಿಂತಿದೆ.

ಆ ಗೂಡಿನ ಮುಂದೆ ಅಪ್ಪ ನಿಂತರು. ಇಟ್ಟಿಗೆಯ ಮೇಲೆ ಕೈಯಿಟ್ಟರು. ಅನಂತರ, ಬಂದ ಮೇಲೆ ಮೊದಲ ಬಾರಿಗೆ, ಒಂದು ಗಂಟೆ ಮಾತಾಡಿದರು. ಅವರ ಬಾಲ್ಯದಲ್ಲಿ ನೇತ್ರಾವತಿಯ ಮೇಲೆ ಓಡಗಳು ಆವೆಮಣ್ಣು ಹೇರಿಕೊಂಡು ಮಂಗಳೂರಿನ ಹಂಚಿನ ಕಾರ್ಖಾನೆಗಳಿಗೆ ಹೋಗುತ್ತಿದ್ದುದು. ಕೆಳಗಿನ ಹೊಳೆಯಲ್ಲಿ ಓಡದವರು ಭರತ ಕಾದು ಹೊರಡುತ್ತಿದ್ದುದು. ಅಜ್ಜನ ಮನೆಯ ಮಾಡಿಗೆ ಹೊದೆಸಿದ ಹಂಚಿನ ಬೆನ್ನ ಮೇಲಿನ ಅಚ್ಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಮೊದಲ ಹಂಚಿನ ಕಾರ್ಖಾನೆ ಆರಂಭಿಸಿದ್ದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆ ನದಿಯನ್ನು ಕಣ್ಣಾರೆ ಕಂಡವರು ನನ್ನ ಮನೆಯಲ್ಲಿಯೇ ಇದ್ದರೂ ನಾನು ಕೇಳಿರಲಿಲ್ಲ. ಮಗಳು ಅಜ್ಜನ ಕೈ ಹಿಡಿದು, “ಅಜ್ಜಾ, ಹಾಗಾದರೆ ನಿಮ್ಮ ಊರೂ ನ್ಯೂ ಲಿನ್ ತರಹವೇ?” ಎಂದಳು. “ಹೌದು ಮಗಾ, ಮಣ್ಣು ಬೇರೆ, ಕೆಲಸ ಒಂದೇ” ಎಂದರು ಅಪ್ಪ.

ಅಮ್ಮನ ನದಿಯಾನ ನಡೆದದ್ದು ಏವನ್‌ಡೇಲಿನ ಭಾನುವಾರದ ಸಂತೆಯಲ್ಲಿ. ಫಾವ್ ನದಿಯ ಪೂರ್ವದ ದಡ ಏವನ್‌ಡೇಲ್. ಅದರ ರೋಸ್‌ಬ್ಯಾಂಕ್ ಎಂಬ ಭೂಚಾಚು ಒಂದು ಕಾಲಕ್ಕೆ ಇಡೀ ತರಕಾರಿ ತೋಟವಾಗಿತ್ತು. ಚೀನೀ ಮೂಲದ ತೋಟಗಾರರೂ ಅಲ್ಲಿ ದುಡಿದರು. ಇಂದು ಅಲ್ಲಿ ಕೈಗಾರಿಕಾ ಕಟ್ಟಡಗಳಿವೆ, ಆದರೆ ಸಂತೆ ಉಳಿದಿದೆ. ಅಮ್ಮ ಅಲ್ಲಿ ಒಂದು ಮೇಜಿನ ಮುಂದೆ ಥಟ್ಟನೆ ನಿಂತರು. ಸಮೋವಾದ ಅಜ್ಜಿಯೊಬ್ಬರು ಕೆಸುವಿನ ಎಲೆಗಳನ್ನು ಕಟ್ಟು ಕಟ್ಟಿ ಇಟ್ಟಿದ್ದರು. ಅವರಿಗೆ ಅದು ಟಾರೊ ಎಲೆ, ತೆಂಗಿನ ಹಾಲಿನಲ್ಲಿ ಬೇಯಿಸುವ ಅಡುಗೆಗೆ. ಅಮ್ಮನಿಗೆ ಅದು ಪತ್ರೊಡೆ. ಇಬ್ಬರಿಗೂ ಪರಸ್ಪರರ ಭಾಷೆ ಬಾರದು. ಎಲೆಯ ತುರಿಕೆಯನ್ನು ಹೇಗೆ ಕಳೆಯುವುದೆಂದು ಇಬ್ಬರೂ ಕೈಸನ್ನೆಯಲ್ಲಿ ಬಹಳ ಹೊತ್ತು ಚರ್ಚಿಸಿದರು. ಅಂದು ಸಂಜೆ ನಮ್ಮ ಮನೆಯಲ್ಲಿ ಪತ್ರೊಡೆಯಾಯಿತು.

ಅದೇ ಏವನ್‌ಡೇಲ್ ಜಗತ್ತಿಗೆ ಕೊಟ್ಟ ಇನ್ನೊಂದು ವಸ್ತುವನ್ನು ನಾವೆಲ್ಲ ತಿಂದಿದ್ದೇವೆ. 1904ರಲ್ಲಿ ಚೀನಾದಿಂದ ನ್ಯೂಜಿಲೆಂಡಿಗೆ ಬಂದ ಬೀಜಗಳ ಸಂತತಿಯಿಂದ, ಏವನ್‌ಡೇಲಿನಲ್ಲಿ ಸಸಿತೋಟ ನಡೆಸುತ್ತಿದ್ದ ಹೇವರ್ಡ್ ರೈಟ್ ಒಂದು ದೊಡ್ಡ ಹಣ್ಣಿನ ತಳಿಯನ್ನು ಆರಿಸಿ ಬೆಳೆಸಿದರು. ಚೀನೀ ಗೂಸ್‌ಬೆರಿ ಎಂದು ಕರೆಯುತ್ತಿದ್ದ ಆ ಹಣ್ಣಿಗೆ 1959ರಲ್ಲಿ ವ್ಯಾಪಾರಿಗಳು ಕಿವಿಹಣ್ಣು ಎಂದು ಹೆಸರಿಟ್ಟರು. ಹೇವರ್ಡ್ ತಳಿ ಲೋಕವೆಲ್ಲ ಹಬ್ಬಿತು. ಇಂದು ಬೆಂಗಳೂರಿನ ಹಣ್ಣಿನಂಗಡಿಯಲ್ಲಿ ಹಸಿರು ಕಿವಿಹಣ್ಣು ಕೊಳ್ಳುವವರಿಗೆ ಅದರ ತಳಿಯ ತವರು ನಮ್ಮ ಸಂತೆಯ ಪಕ್ಕದ ಊರೆಂದು ತಿಳಿದಿರಲಾರದು.

ಇನ್ನು ವೈನಿನ ಮಾತು. ಫಾವ್ ಅಳಿವೆಯ ಬಾಯಿಯಲ್ಲಿ ಎಡಕ್ಕೆ ತಿರುಗಿ, ಟೆ ಅಟಾಟು ಭೂಚಾಚನ್ನು ಸುತ್ತಿ ಬಳಸಿದರೆ, ಅದರ ಆಚೆಯ ಬದಿಯಲ್ಲಿ ಹೆಂಡರ್ಸನ್ ಕ್ರೀಕ್ ಸಿಗುತ್ತದೆ. ಅದನ್ನು ಹಿಡಿದು ಒಳಹೋದರೆ ಈ ದೇಶದ ಹಳೆಯ ವೈನ್ ಸೀಮೆ. ಲೆಬನಾನಿನಿಂದ 1892ರಲ್ಲಿ ಬಂದ ಅಸ್ಸಿದ್ ಏಬ್ರಹಾಂ ಕಾರ್ಬನ್ 1902ರಲ್ಲಿ ಹೆಂಡರ್ಸನ್‌ನಲ್ಲಿ ಜಮೀನು ಕೊಂಡು, ತನ್ನ ತಾಯ್ನಾಡಿನ ನೆನಪಿನಲ್ಲಿ ತೋಟಕ್ಕೆ ಮೌಂಟ್ ಲೆಬನಾನ್ ಎಂದು ಹೆಸರಿಟ್ಟರು. 1908ರಲ್ಲಿ ಮೊದಲ ವೈನು ಸಿದ್ಧವಾದಾಗ ಸುತ್ತಲಿನ ಮತದಾರರು ಮದ್ಯ ಮಾರಾಟ ಬೇಡವೆಂದು ಮತ ಹಾಕಿದರು. ತನ್ನ ತೋಟದ ಬಾಗಿಲಲ್ಲಿ ತಾನೇ ಮಾರುವಂತಿರಲಿಲ್ಲ. ಹಾಗಿದ್ದೂ ಕುಟುಂಬ ಕೈಬಿಡಲಿಲ್ಲ. ಡಾಲ್ಮೇಷಿಯಾದಿಂದ, ಅಂದರೆ ಇಂದಿನ ಕ್ರೊಯೇಷಿಯಾದ ಕರಾವಳಿಯಿಂದ, 1910ರಲ್ಲಿ ಹದಿಹರೆಯದ ಹುಡುಗನಾಗಿ ಬಂದ ಜೋಸಿಪ್ ಬಾಬಿಚ್ ಉತ್ತರದ ಬಯಲಿನಲ್ಲಿ ಕೌರಿ ಮರದ ಅಂಟನ್ನು ಅಗೆದು ಹೊಟ್ಟೆ ಹೊರೆದು, 1916ರಲ್ಲಿ ಮೊದಲ ವೈನು ಮಾಡಿ, ಮುಂದೆ ಹೆಂಡರ್ಸನ್ ಕಣಿವೆಗೆ ಬಂದು ನೆಲೆಸಿದರು. ಹೀಗೆ ಬಂದ ಕುಟುಂಬಗಳು ಇನ್ನೂ ಅನೇಕ. ಕಾರ್ಬನ್ ಮನೆತನದ ಹಳೆಯ ಮನೆ ಮತ್ತು ಕಟ್ಟಡಗಳು ಓಪಾನುಕು ಹಳ್ಳದ ಪಕ್ಕದಲ್ಲಿ ಇಂದು ಕಲಾಕೇಂದ್ರವಾಗಿ ತೆರೆದಿವೆ.

ನಮ್ಮಲ್ಲಿ ಮದ್ಯ ಮುಟ್ಟದ ಮನೆಗಳೇ ಹೆಚ್ಚು. ವೈನ್ ಸೀಮೆಯ ಮಾತೆತ್ತಿದರೆ ಅದು ನಮಗಲ್ಲ ಎನ್ನುವ ಹಿರಿಯರೂ ಇದ್ದಾರೆ. ಅವರಿಗೆ ನನ್ನ ವಿನಂತಿಯಿಷ್ಟೆ: ಕುಡಿಯುವುದು ಬೇಡ, ಬಳ್ಳಿಯನ್ನು ನೋಡಿ. ಮಾರ್ಚ್ ತಿಂಗಳಲ್ಲಿ ನಮ್ಮ ಸಂತೆಗೆ ಆಲ್ಬನಿ ಸರ್ಪ್ರೈಸ್ ಎಂಬ ಕಪ್ಪು ದ್ರಾಕ್ಷಿ ಬರುತ್ತದೆ. ಪಶ್ಚಿಮ ಆಕ್ಲೆಂಡಿನ ಹಳೆಯ ತೋಟಗಳಲ್ಲಿ ಬಹಳ ಬೆಳೆದ ತಳಿಯಿದು. ಅಪ್ಪ ಒಂದು ಹಣ್ಣು ಬಾಯಿಗಿಟ್ಟರು; ಸಿಪ್ಪೆ ಜಾರಿತು, ತಿರುಳು ಗೋಲಿಯಂತೆ ನಾಲಿಗೆಗೆ ಬಂತು, ಆ ಪರಿಮಳ ಮೂಗಿಗೇರಿತು. “ಇದು ನಮ್ಮ ಬೆಂಗಳೂರು ದ್ರಾಕ್ಷಿಯಲ್ಲವೇ?” ಎಂದರು. ಅವರ ನಾಲಿಗೆ ಸುಳ್ಳಾಡಿರಲಿಲ್ಲ. ಚಿಕ್ಕಬಳ್ಳಾಪುರ, ನಂದಿ, ದೇವನಹಳ್ಳಿಯ ಸೀಮೆಯಲ್ಲಿ ಬೆಳೆಯುವ, ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿರುವ ಬೆಂಗಳೂರು ಬ್ಲೂ ದ್ರಾಕ್ಷಿಯೂ, ಈ ಆಲ್ಬನಿ ಸರ್ಪ್ರೈಸ್ ದ್ರಾಕ್ಷಿಯೂ ಅಮೆರಿಕ ಮೂಲದ ಇಸಾಬೆಲ್ಲಾ ಎಂಬ ಒಂದೇ ತಳಿಯ ವಂಶದವು. ಒಂದೇ ತಾಯಿಯ ಇಬ್ಬರು ಮಕ್ಕಳು ಎರಡು ಸಮುದ್ರ ದಾಟಿ, ಒಬ್ಬಳು ನಂದಿಬೆಟ್ಟದ ಕೆಳಗೆ, ಇನ್ನೊಬ್ಬಳು ನಮ್ಮ ಆಕ್ಲೆಂಡಿನಲ್ಲಿ ಬೇರೂರಿದಂತೆ. ಈ ಅರಿವಿಗೆ ಡೋರೊವರೆಗೆ ಹೋಗಬೇಕಾಗಲಿಲ್ಲ.

ಈ ಮಾತಿಗೆ ಬರಬಹುದಾದ ಆಕ್ಷೇಪಗಳನ್ನು ನಾನು ಬಲ್ಲೆ. ಫಾವ್ ನದಿಯಲ್ಲಿ ಮೂರು ಅಂತಸ್ತಿನ ಹಡಗಿಲ್ಲ, ಕೋಟೆಗಳಿಲ್ಲ. ಇಳಿತದಲ್ಲಿ ಕೆಸರು, ದಡದಲ್ಲಿ ಕಾಂಡ್ಲಾ ಪೊದೆ. ಮಳೆ ಬಂದ ಮರುದಿನ ನೀರಿಗಿಳಿಯಬಾರದು; ರಸ್ತೆಯ ಕೊಳೆಯೆಲ್ಲ ಅದರಲ್ಲಿರುತ್ತದೆ. ಎಲ್ಲವೂ ನಿಜ. ಆದರೆ ಕೊಳೆ ಯಾರದು? ನಮ್ಮ ಅಂಗಳದಲ್ಲಿ ಕಾರು ತೊಳೆದ ನೀರು ಎಲ್ಲಿಗೆ ಹೋಗುತ್ತದೆ? 2023ರ ಜನವರಿ 27ರ ರಾತ್ರಿ ಪಶ್ಚಿಮ ಆಕ್ಲೆಂಡಿನಲ್ಲಿ ನೀರು ನುಗ್ಗಿದಾಗ, ತಮ್ಮ ಮನೆಯ ಹಿಂದೆ ಒಂದು ಹಳ್ಳವಿದೆಯೆಂದು ಅಂದೇ ತಿಳಿದವರು ನಮ್ಮ ಬಳಗದಲ್ಲೂ ಇದ್ದಾರೆ. ನೇತ್ರಾವತಿಯ ದಡದಲ್ಲಿ ಬೆಳೆದ ಅಪ್ಪನಿಗೆ 1923ರ ನೆರೆಯ ಮಟ್ಟ ಎಷ್ಟಿತ್ತೆಂಬುದು ತಾವು ಹುಟ್ಟುವ ಮೊದಲಿನ ಮಾತಾದರೂ ಗೊತ್ತು. ಹಿರಿಯರು ಗೋಡೆ ತೋರಿಸಿ ಹೇಳಿದ್ದರು. ನಮ್ಮ ಮಕ್ಕಳಿಗೆ ಅಂಥ ಗೋಡೆಯನ್ನು ತೋರಿಸುವವರು ಯಾರು? ನದಿಯ ಪರಿಚಯ ನಮಗೆ ಸಂತೋಷದ ದಿನ ಆಗದಿದ್ದರೆ ಸಂಕಟದ ರಾತ್ರಿ ಆಗುತ್ತದೆ.

ಇದಕ್ಕಿಂತ ಆಳದ ಕಾರಣವೊಂದಿದೆ. ಕಾರ್ಬನ್, ಬಾಬಿಚ್ ಮೊದಲಾದವರೂ ನಮ್ಮಂತೆಯೇ ಹೊರಗಿನಿಂದ ಬಂದವರು. ಅವರ ಇಂಗ್ಲಿಷ್ ಉಚ್ಚಾರಣೆಗೆ ನಕ್ಕವರಿದ್ದಿರಬೇಕು. ಅವರ ಊಟವನ್ನು ಮೂಸಿ ಮುಖ ತಿರುಗಿಸಿದವರೂ ಇದ್ದಿರಬೇಕು. ಅವರು ಊರಿನ ನೆನಪನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂರಲಿಲ್ಲ, ಈ ಮಣ್ಣಿನಲ್ಲಿ ನೆಟ್ಟರು. ನೂರು ವರ್ಷದ ಬಳಿಕ ಈ ಸೀಮೆಯ ಚರಿತ್ರೆಯನ್ನು ಅವರನ್ನು ಬಿಟ್ಟು ಬರೆಯಲಾಗದು. ನಾವು ಇಲ್ಲಿ ಮನೆ ಕೊಂಡಿದ್ದೇವೆ, ತೆರಿಗೆ ಕಟ್ಟುತ್ತೇವೆ, ರಾಜ್ಯೋತ್ಸವವನ್ನು ವೈಭವದಿಂದ ಆಚರಿಸುತ್ತೇವೆ. ಆದರೆ ನೆಲದ ಹೆಸರು ಗೊತ್ತಿಲ್ಲದವರು ಅದಕ್ಕೆ ಅತಿಥಿಗಳಾಗಿಯೇ ಉಳಿಯುತ್ತಾರೆ. ನಮ್ಮ ಮಕ್ಕಳನ್ನು ಎರಡು ಕಡೆಯೂ ಅತಿಥಿಗಳಾಗಿ ಬೆಳೆಸುತ್ತಿದ್ದೇವೆಯೇ ಎಂಬ ಭಯ ನನಗಿದೆ. ನೇತ್ರಾವತಿ ಅವರಿಗೆ ಅಜ್ಜನ ಕಥೆ, ಫಾವ್ ಅವರಿಗೆ ಕಾರಿನ ಕಿಟಕಿ. ಎರಡನ್ನೂ ಒಂದೇ ದಿನ ಒಂದೇ ಬೆಂಚಿನ ಮೇಲೆ ಕೂಡಿಸಬಲ್ಲವರು ಊರಿನಿಂದ ಬರುವ ಹಿರಿಯರು. ಅವರೋ ಆರು ತಿಂಗಳು ಕಿಟಕಿಯ ಬಳಿ ಕುಳಿತು ಹಿಂದಿರುಗುತ್ತಿದ್ದಾರೆ.

ಆದ್ದರಿಂದ ನಮ್ಮ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಣ್ಣ ಸಲಹೆಯನ್ನಿಡುತ್ತೇನೆ. ಮಾರ್ಚ್ ತಿಂಗಳಲ್ಲಿ, ದ್ರಾಕ್ಷಿಯ ಕಾಲದಲ್ಲಿ, ವರ್ಷಕ್ಕೊಂದು ವಾರಾಂತ್ಯವನ್ನು ನದಿಗೆಂದು ಮೀಸಲಿಡೋಣ. ಶನಿವಾರ ವಸ್ತುಸಂಗ್ರಹಾಲಯ ತೆರೆದಿರುವ ಹೊತ್ತು ನೋಡಿಕೊಂಡು ಗೂಡಿನ ಮುಂದೆ ಸೇರಿ, ಬಳಿಕ ಕೆನ್ ಮಾಂಡರ್ ಪಾರ್ಕ್ ಅಥವಾ ಆರ್ಚಿಬಾಲ್ಡ್ ಪಾರ್ಕಿನ ದಡದಲ್ಲಿ ಭರತದ ಹೊತ್ತಿಗೆ ನಡೆದಾಡೋಣ. ಈಜು ಬಲ್ಲ ಯುವಕರು ಜೀವರಕ್ಷಕ ಅಂಗಿ ತೊಟ್ಟು, ಅನುಭವಿಗಳೊಡನೆ, ಭರತಕ್ಕೆ ಒಂದೆರಡು ಗಂಟೆ ಹಿಂದುಮುಂದಿನ ಹೊತ್ತಿನಲ್ಲಿ ಕಯಾಕ್‌ನಲ್ಲಿ ಇಳಿಯಲಿ. ತಡವಾದರೆ ಕೆಸರು ಹಿಡಿದುಕೊಳ್ಳುತ್ತದೆ. ಭಾನುವಾರ ಬೆಳಗ್ಗೆ ಸಂತೆ, ಮಧ್ಯಾಹ್ನ ಕಾರ್ಬನ್ ತೋಟದ ಮರದಡಿ ಬುತ್ತಿ. ಬುತ್ತಿಗೆ ಒಂದೇ ನಿಯಮ: ಪ್ರತಿ ಮನೆಯವರೂ ತಮ್ಮ ಊರಿನ ಹೊಳೆಯ ದಡದ ಒಂದು ತಿನಿಸು ತರಬೇಕು, ಸಾಮಗ್ರಿ ಮಾತ್ರ ಈ ಸಂತೆಯದಾಗಿರಬೇಕು. ಕಪಿಲೆಯವರು, ಹೇಮಾವತಿಯವರು, ತುಂಗೆಯವರು, ಕೃಷ್ಣೆಯವರು, ಮಲಪ್ರಭೆಯವರು ಎಲ್ಲರೂ ನಮ್ಮಲ್ಲಿದ್ದಾರೆ. ಹಿರಿಯರು ತಮ್ಮ ಹೊಳೆಯ ಬಗ್ಗೆ ಹತ್ತು ನಿಮಿಷ ಮಾತಾಡಲಿ, ಮಕ್ಕಳು ಅದನ್ನು ಬರೆದುಕೊಳ್ಳಲಿ. ಆ ಬರಹಗಳಿಗೆ ಈ ಪತ್ರಿಕೆಯಲ್ಲಿ ಜಾಗವಿರುತ್ತದೆಂದು ಸಂಪಾದಕ ಮಿತ್ರರು ಒಪ್ಪಿಯಾರೆಂದು ನಂಬಿದ್ದೇನೆ. ಖರ್ಚು ಬಹಳವಿಲ್ಲ, ಬೇಕಾಗಿರುವುದು ಎರಡು ದಿನದ ನಿಧಾನ.

ಪುಸ್ತಿಕೆ ತೋರಿಸಿದ ಆ ಹಿರಿಯ ದಂಪತಿಗಳಿಗೆ ನನ್ನ ಉತ್ತರ ಇಷ್ಟು: ಯುರೋಪಿಗೆ ಅವಶ್ಯವಾಗಿ ಹೋಗಿಬನ್ನಿ. ಅದಕ್ಕೆ ಮುನ್ನ ಒಂದು ಸಲ ನಮ್ಮೊಡನೆ ಫಾವ್ ದಡಕ್ಕೆ ಬನ್ನಿ. ಸ್ವಂತ ಹೊಳೆಯ ಮಣ್ಣು, ದೋಣಿ, ದುಡಿಮೆಗಳನ್ನು ಕಂಡ ಕಣ್ಣಿಗೆ ಡೋರೊವಿನ ಮೆಟ್ಟಿಲುತೋಟಗಳು ಬರಿಯ ಚಿತ್ರವಾಗಿ ಕಾಣಲಾರವು. ಅಲ್ಲಿ ಕಲ್ಲು ಕಡಿದವರ ಕೈಗಳೂ ಕಾಣುತ್ತವೆ.

ಅಪ್ಪ ಊರಿಗೆ ಮರಳಿ ಎಂಟು ತಿಂಗಳಾಯಿತು. ಪ್ರತಿ ಭಾನುವಾರ ಫೋನಿನಲ್ಲಿ ಮೊದಲು ಹವೆ ಕೇಳುತ್ತಾರೆ, ಆಮೇಲೆ ಮೊಮ್ಮಗಳನ್ನು ಕರೆದು, “ನಿಮ್ಮ ಹೊಳೆಗೆ ಈಗ ಭರತವೋ ಇಳಿತವೋ?” ಎನ್ನುತ್ತಾರೆ. ಅವಳು ವೇಳಾಪಟ್ಟಿ ನೋಡಿ ಉತ್ತರಿಸುತ್ತಾಳೆ. ಅನಂತರ ಅವಳ ಸರದಿ: “ಅಜ್ಜಾ, ನೇತ್ರಾವತಿಯಲ್ಲಿ ನೀರೆಷ್ಟಿದೆ?”